ಬಾಗಿಲ ಪಕ್ಕದ ಸಿಲಿಂಡರ್

ನನ್ನ ಚಿಕ್ಕಪ್ಪ ಜೀವಮಾನದಲ್ಲಿ ಸಿಟ್ಟಿಟ್ಟುಕೊಂಡದ್ದು ಒಬ್ಬಳೇ ಒಬ್ಬಳ ಮೇಲೆ. ಅವಳು ಹಾಸ್ಟೆಲೊಂದರ ಅಡುಗೆಯವಳು.

ಬೆಂಕಿ ಆರಿಸುವ ಸಿಲಿಂಡರ್‌ಗಳನ್ನು ತುಂಬಿಸಿ, ತೂಕ ನೋಡಿ, ಗೋಡೆಗೆ ತೂಗುಹಾಕುವುದು ಚಿಕ್ಕಪ್ಪನ ಕಸುಬು. ಅವುಗಳ ಮೇಲೆ ‘ಅಗ್ನಿಶಾಮಕ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಮಾತನ್ನು ಬಾಯಲ್ಲಿ ಆಡಿದವರನ್ನು ನಾನಂತೂ ಕಾಣೆ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಮನೆ ಬೂದಿಯಾಗಿರುತ್ತದೆ. ನಮ್ಮ ಮನೆಯಲ್ಲಿ ಅದು ಬರೀ ‘ಸಿಲಿಂಡರ್’. ‘ಸಿಲಿಂಡರ್ ತಾ’, ‘ಸಿಲಿಂಡರ್ ಒರೆಸಿಡು’ ಎಂದು ಚಿಕ್ಕಪ್ಪ ಹೇಳಿ ಹೇಳಿ, ಚಿಕ್ಕಮ್ಮನ ಬಾಯಲ್ಲೂ ಅದೇ ಕೂತಿತ್ತು. ಅಡುಗೆಯದ್ದಕ್ಕೆ ಅವರಿಬ್ಬರೂ ‘ಗ್ಯಾಸು’ ಎನ್ನುತ್ತಿದ್ದರು, ಅಷ್ಟೆ.

ಚಿಕ್ಕಮ್ಮ ಆ ಹಾಸ್ಟೆಲಿನ ಅಡುಗೆಮನೆಯಲ್ಲೇ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಕರಿಯುವ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಜೊತೆಗಿದ್ದವರೆಲ್ಲ ಹೊರಗೆ ಓಡಿದರು. ಒಬ್ಬಳೇ ಉಳಿದ ಚಿಕ್ಕಮ್ಮ ಬಾಣಲೆಗೆ ಮುಚ್ಚಳ ಹಾಕಲು ಹೋದಾಗ ಅವಳ ಬಟ್ಟೆಗೆ ಉರಿ ತಗಲಿತು. ಆಸ್ಪತ್ರೆಯಿಂದ ಅವಳು ಜೀವಸಹಿತ ಮನೆಗೆ ಬರಲಿಲ್ಲ. ಬಾಗಿಲ ಪಕ್ಕದಲ್ಲಿ ಚಿಕ್ಕಪ್ಪನೇ ತೂಗುಹಾಕಿದ್ದ ಸಿಲಿಂಡರ್, ಪಿನ್ನು ಕೂಡ ಕೀಳದೆ ಹಾಗೇ ನೇತಾಡುತ್ತಿತ್ತು. ಅದರ ಪಕ್ಕದಿಂದಲೇ ಎಲ್ಲರಿಗಿಂತ ಮೊದಲು ಓಡಿದವಳು ಆ ಅಡುಗೆಯವಳು. ಕೈ ಚಾಚಿದ್ದರೆ ಸಿಗುತ್ತಿತ್ತಲ್ಲ ಎಂಬುದು ಚಿಕ್ಕಪ್ಪನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನನಗೂ ಅವಳ ಸುದ್ದಿ ಎತ್ತಿದರೆ ಮೈ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ವರ್ಷಗಟ್ಟಲೆ ಚಿಕ್ಕಪ್ಪ ಆ ಹಾಸ್ಟೆಲಿನ ಕಡೆ ತಲೆ ಹಾಕಲಿಲ್ಲ. ಅಲ್ಲಿಯ ಕೆಲಸಕ್ಕೆ ತಮ್ಮ ಜೊತೆಗಾರನನ್ನು ಕಳಿಸುತ್ತಿದ್ದರು. ಈಚೆಗೆ ಅವನು ಕೆಲಸ ಬಿಟ್ಟ. ಹೊಸ ಸಿಲಿಂಡರ್‌ಗಳನ್ನು ಹಾಕಿ, ಅಡುಗೆಯವರಿಗೆಲ್ಲ ತೋರಿಸಿಕೊಡಬೇಕೆಂದು ಹಾಸ್ಟೆಲಿನವರು ಹೇಳಿ ಕಳಿಸಿದಾಗ ಚಿಕ್ಕಪ್ಪನೇ ಹೊರಡಬೇಕಾಯಿತು. ವ್ಯಾನು ಓಡಿಸುವವಳು ನಾನು. ಗೇಟು ಕಂಡಾಗ ಚಿಕ್ಕಪ್ಪ ಬಾಯಿಬಿಟ್ಟರು.

“ಇವತ್ತು ಎಲ್ಲರ ಮುಂದೆ ಕೇಳೇ ಬಿಡ್ತೀನಿ ಅವಳನ್ನ. ಯಾಕೆ ಓಡಿದೆ ಅಂತ.”

“ಕೇಳಿ ಚಿಕ್ಕಪ್ಪ, ಬಿಡಬೇಡಿ,” ಎಂದು ನಾನೂ ಉರಿಯುವ ಬೆಂಕಿಗೆ ತುಪ್ಪ ಸುರಿದೆ.

ಅಡುಗೆಮನೆಯ ಉದ್ದ ಮೇಜಿನ ಮೇಲೆ ಸಿಲಿಂಡರ್‌ಗಳನ್ನು ಸಾಲಾಗಿ ಇಟ್ಟೆ. ಅಡುಗೆಯವರೆಲ್ಲ ಕೈ ಒರೆಸಿಕೊಂಡು ಬಂದು ನಿಂತರು. ಅವಳು ಹಿಂದೆ, ಪಾತ್ರೆ ತೊಳೆಯುವ ತೊಟ್ಟಿಗೆ ಒರಗಿ ನಿಂತಿದ್ದಳು. ತಲೆ ಪೂರ್ತಿ ನರೆತಿತ್ತು.

ಚಿಕ್ಕಪ್ಪ ಶುರು ಮಾಡಿದರು. “ಇದು ನೀರಿಂದು. ಕಾವು ಇಳಿಸುತ್ತೆ. ಕಟ್ಟಿಗೆ, ಬಟ್ಟೆ, ಕಾಗದಕ್ಕೆ ಸರಿ. ಕರೆಂಟಿಗೆ ಹೊಡೆದ್ರೆ ನಿಮಗೇ ಶಾಕು. ಕರೆಂಟಿಗೆ ಈ ಕಪ್ಪು ಮೂತಿದು. ಇದರೊಳಗಿರೋ ಕಾರ್ಬನ್ ಡೈಆಕ್ಸೈಡ್ ಸುತ್ತಲಿನ ಗಾಳಿನ ದೂಡಿ ಬೆಂಕಿಗೆ ಉಸಿರುಕಟ್ಟಿಸುತ್ತೆ. ಪೆಟ್ರೋಲು ಚೆಲ್ಲಿ ಉರೀತಿದ್ರೆ ಈ ನೊರೆ. ಕಂಬಳಿ ಹೊದಿಸಿದ ಹಾಗೆ ಮೇಲೆ ಕೂತ್ಕೊಳ್ಳುತ್ತೆ. ಇದರಲ್ಲಿರೋದು ಪುಡಿ. ಪೆಟ್ರೋಲಿಗೂ ಆಗುತ್ತೆ, ಗ್ಯಾಸಿಗೂ ಆಗುತ್ತೆ. ಉರಿ ಮುಂದಕ್ಕೆ ಹಬ್ಬೋದನ್ನೇ ತುಂಡರಿಸುತ್ತೆ.”

“ಥೇಟ್ ಹಿಟ್ಟಿನ ಥರಾನೇ ಇದೆಯಲ್ಲ, ಮರೆತು ಕಲಸಿಬಿಟ್ಟೇವು,” ಎಂದು ಒಬ್ಬ ಅಂದ. ಎಲ್ಲರೂ ನಕ್ಕರು, ಚಿಕ್ಕಪ್ಪ ನಗಲಿಲ್ಲ.

ಕೊನೆಯದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. “ಇದು ಕಾದ ಎಣ್ಣೆಗೆ. ಮೊದಲು ಒಲೆ ಆರಿಸಿ. ದೂರ ನಿಂತು ಮೆಲ್ಲಗೆ ಸಿಂಪಡಿಸಿದ್ರೆ ಎಣ್ಣೆ ಮೇಲೆ ಸೋಪಿನ ಹಾಗೆ ಕೆನೆ ಕಟ್ಟುತ್ತೆ, ಒಳಗಿನ ಕಾವೂ ಇಳಿಯುತ್ತೆ. ನೀರು ಮಾತ್ರ ಹಾಕ್ಬೇಡಿ. ನೀರು ತಳಕ್ಕಿಳಿದು ಆವಿಯಾಗಿ, ಉರಿಯೋ ಎಣ್ಣೆನ ಮುಖಕ್ಕೇ ಎರಚುತ್ತೆ.”

ಹೇಳಿ ಮುಗಿಸಿ ಅವಳ ಕಡೆ ತಿರುಗಿದರು. ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ಅಣ್ಣಾ, ನಿಮ್ಮನೆಗೆ ಬಂದು ಮುಖ ತೋರಿಸೋ ಧೈರ್ಯ ಆಗ್ಲಿಲ್ಲ ನನಗೆ. ನಾನು ಬದುಕಿರೋದೇ ಅಕ್ಕನಿಂದ. ಎಣ್ಣೆ ಹತ್ಕೊಂಡಾಗ ಅಕ್ಕ ‘ಸಿಲಿಂಡರ್! ಸಿಲಿಂಡರ್!’ ಅಂತ ಕೂಗಿದ್ರು. ಗ್ಯಾಸು ಸಿಡಿಯುತ್ತೆ, ಓಡಿ ಅಂತಿದಾರೆ ಅಂತ ಸಿಕ್ಕಿದವರನ್ನೆಲ್ಲ ಎಳ್ಕೊಂಡು ಓಡಿದೆ. ಅಕ್ಕನೂ ಹಿಂದೇನೇ ಬರ್ತಾರೆ ಅಂದ್ಕೊಂಡೆ. ಅವರು ಬರ್ಲಿಲ್ಲ. ತಾವು ಸತ್ತು ನಮ್ಮನ್ನ ಉಳಿಸಿದ್ರು. ಇವತ್ತಿಗೂ ನನ್ನ ಮಗಳ ಹತ್ರ ಹೇಳ್ತಿರ್ತೀನಿ.”

ಚಿಕ್ಕಮ್ಮ ಕೇಳಿದ್ದು ಬಾಗಿಲ ಪಕ್ಕದ ಸಿಲಿಂಡರನ್ನು. ತಂದುಕೊಡಿ ಎಂದು ಕೂಗಿದ್ದಳು, ಗಂಡ ಕಲಿಸಿದ ಮಾತಿನಲ್ಲೇ ಕೂಗಿದ್ದಳು. ಗ್ಯಾಸು ಸಿಡಿಯುವ ಸಂಗತಿಯಾಗಿದ್ದರೆ ‘ಗ್ಯಾಸು’ ಎನ್ನುತ್ತಿದ್ದಳು. ಅದು ಚಿಕ್ಕಪ್ಪನಿಗೆ ನನಗಿಂತ ಮೊದಲೇ ಹೊಳೆದಿತ್ತು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ನಿಜ ಹೇಳಿದ್ದರೆ ಆ ಹೆಂಗಸು ಅಲ್ಲೇ ಕುಸಿಯುತ್ತಿದ್ದಳು. ಹೇಳಿಬಿಡಲಿ ಎಂದು ನನ್ನ ಹಾಳು ಮನಸ್ಸು ಒಂದು ಗಳಿಗೆ ಬಯಸಿತು ಕೂಡ.

ಚಿಕ್ಕಪ್ಪ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು.

“ಹೌದು ತಂಗಿ,” ಎಂದರು. “ನಿಮ್ಮನ್ನ ಓಡಿಸೋಕೇ ಅವಳು ಕೂಗಿದ್ದು.”