ಮುಖ ಮುಳುಗಿಸದ ಈಜುಗಾರ

ವನಗೂರಿನ ಎಸ್ಟೇಟ್ ಕೆರೆಯ ಚಕ್ರವರ್ತಿ ಯಾರೆಂದರೆ ಕಪ್ಪೆಗಳೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಲ್ಬನ್ ಅವರ ಹೆಸರನ್ನೇ ವಟಗುಟ್ಟುತ್ತವೆ. ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆಲ್ಲ ಈಜು ಕಲಿಸಿದವರು ಅವರು. ಬೆನ್ನ ಮೇಲೆ ಮಲಗಿ ಹಿಂದಕ್ಕೆ ಕೈ ಬೀಸುತ್ತ ಹೊರಟರೆ ಮೋಡಗಳೇ ದಾರಿ ಬಿಡಬೇಕು. ಬ್ರೆಸ್ಟ್ ಸ್ಟ್ರೋಕಿನಲ್ಲಿ ನೀರನ್ನು ಪರದೆಯಂತೆ ಸರಿಸಿ, ಕಪ್ಪೆಗಾಲು ಒದ್ದು, ತಲೆಯನ್ನು ಮಾತ್ರ ಮೆರವಣಿಗೆಯ ದೊರೆಯಂತೆ ಎತ್ತಿಕೊಂಡಿರುತ್ತಾರೆ. ಎರಡೂ ಕೈ ಒಟ್ಟಿಗೆ ಎತ್ತಿ ಅಪ್ಪಳಿಸುವ ಬಟರ್‌ಫ್ಲೈ ಹೊಟ್ಟೆಯಿಲ್ಲದವರ ಹುಚ್ಚಾಟವೆಂದು ತೀರ್ಪು ಕೊಟ್ಟಿದ್ದಾರೆ. ಫ್ರೀಸ್ಟೈಲ್ ಮಾತು ಬಂದರೆ ಮಾತ್ರ, ಕಾಫಿ ಒಣಗಿತೇ ನೋಡಲು ಕಣದ ಕಡೆ ಹೊರಟುಬಿಡುತ್ತಾರೆ.

ಫ್ರೀಸ್ಟೈಲಿನಲ್ಲಿ ಮುಖ ನೀರೊಳಗಿರಬೇಕು. ಕೈಗಳು ಒಂದಾದ ಮೇಲೊಂದು ಬೀಸುವಾಗ ಕಣ್ಣು ತಳವನ್ನೇ ನೋಡುತ್ತದೆ. ತಳದಲ್ಲಿ ಲಿಯಾನ್ ಇದ್ದಾನೆ.

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪಂಪಿನ ಪೈಪಿಗೆ ಸಿಕ್ಕ ಕಸ ತೆಗೆಯಲು ಮುಳುಗಿದ ಅಣ್ಣ ಲಿಯಾನ್, ಮೇಲೆ ಬಂದದ್ದು ಹೆಣವಾಗಿ. ದಡದಲ್ಲಿ ಹಗ್ಗ ಹಿಡಿದು ನಿಂತಿದ್ದವರು ಆಲ್ಬನ್. ಸಕಲೇಶಪುರದಲ್ಲಿ ಗೋರಿಯಿದೆ, ಬಲಿಪೂಜೆಯೂ ಆಗಿದೆ. ಆದರೂ ಅಣ್ಣ ಕೆಳಗೇ ಇದ್ದಾನೆ, ಮೇಲೆ ನೋಡುತ್ತಿದ್ದಾನೆ ಎಂದೇ ಆಲ್ಬನ್ ನಂಬಿಕೆ.

ಈಗ ಲಿಯಾನನ ಮಗಳು ಜೋವಿಟಾಗೆ ಕಾಲೇಜಿನ ಫ್ರೀಸ್ಟೈಲ್ ಪಂದ್ಯ. ಚಿಕ್ಕಪ್ಪನನ್ನು ಬಾಪ್ಪು ಎನ್ನುವ ಅವಳು ಅಭ್ಯಾಸಕ್ಕೆ ಕೆರೆಗೆ ಬಂದಿದ್ದಾಳೆ.

"ಬಾಪ್ಪು, ಎಷ್ಟು ಬಡಿದ್ರೂ ಕಾಲು ಮುಳುಗುತ್ತೆ."

"ತಲೆ ಎತ್ತಿದ್ರೆ ಸೊಂಟ ಇಳಿಯುತ್ತೆ ಮಗಾ. ಉಸಿರಿಗೆ ಮುಖ ಪಕ್ಕಕ್ಕೆ ತಿರುಗ್ಸು, ಅಷ್ಟೇ."

"ನಿಮ್ಮನ್ನ ನೋಡೇ ಎತ್ತೋದು ಕಲ್ತಿದ್ದು! ಒಂದ್ಸಲ ಮಾಡಿ ತೋರ್ಸಿ."

ಪಂಪ್ ನೋಡಿಕೊಳ್ಳುವ ಕರಿಯಪ್ಪ ಎಲೆಅಡಿಕೆ ಉಗಿದು ನಕ್ಕ. "ಬ್ಯಾಡ ಕಣವ್ವ. ರೈಟ್ರಿಗೆ ಮುಖ ತೊಳ್ಯಕೂ ಬಿಸ್ನೀರೇ ಆಗ್ಬೇಕು."

"ಸುಮ್ನಿರೋ ಮಾರಾಯ!" ಆಲ್ಬನ್ ಗದರಿದರು.

ಜೋವಿಟಾ ದನಿ ತಗ್ಗಿಸಿದಳು. "ಪಪ್ಪ ಕಾಣ್ತಾರೆ ಅಂತ ತಾನೆ? ನಂಗೂ ಅದೇ ಹೆದ್ರಿಕೆ ಬಾಪ್ಪು. ನೀವು ನೋಡಿ ಹೇಳೋವರ್ಗೂ ನಾನು ಮುಖ ಮುಳುಗ್ಸಲ್ಲ."

ಮಹಾರಥಿ ಬನಿಯನ್ ಬಿಚ್ಚಿ, ಶಿಲುಬೆಯ ಗುರುತು ಹಾಕಿಕೊಂಡು ಇಳಿದರು. ಮುಖ ಮುಳುಗಿತು. ಬಲಗೈ, ಎಡಗೈ. ಕೆಸರು. ಕೊಳೆತ ಎಲೆ. ತುಕ್ಕು ಹಿಡಿದ ಜಾಲರಿ. ಉಸಿರಿಗೆ ತಿರುಗಿ ಮತ್ತೆ ನೋಡಿದರು. ಯಾರೂ ಇರಲಿಲ್ಲ.

ಇಷ್ಟು ವರ್ಷ ಹೆದರಿದ್ದಕ್ಕೆ ನಗು ಬರಬೇಕಿತ್ತು. ಬಂದದ್ದು ಬೇರೆಯೇ ಪ್ರಶ್ನೆ. ಹಾಗಾದರೆ ಅಣ್ಣ ಎಲ್ಲಿ ಹೋದ? ಆಚೆ ದಡ ಮುಟ್ಟಿ, ಕೆರೆಯ ಆಳದ ಕಡೆಗೆ ತಿರುಗಿದರು.

"ಬಾಪ್ಪು, ಸಾಕು! ಅರ್ಥ ಆಯ್ತು!"

ಕಿವಿ ನೀರೊಳಗಿತ್ತು. ಸೊಂಟ ಇಳಿಸದೆ, ಅಪ್ಪಟ ಫ್ರೀಸ್ಟೈಲಿನಲ್ಲಿ, ಆಲ್ಬನ್ ಹುಡುಕುತ್ತಲೇ ಹೋದರು. ಕರಿಯಪ್ಪನ ನಗು ನಿಂತಿತು. ಜೋವಿಟಾ ನೀರಿಗೆ ಹಾರಿದಳು. ತಲೆ ಎತ್ತಿಕೊಂಡು ಈಜಿದರೆ ಅವರನ್ನು ಮುಟ್ಟಲಾಗದು. ಮುಖ ಮುಳುಗಿಸಿದಳು.