ಅಪ್ಪನ ಬೆರಳು, ಕಾರಿನ ರೆಕ್ಕೆ

ನಮ್ಮಪ್ಪನಿಗೆ ಕರೆಂಟು ಅಳೆಯುವ ಮೀಟರ್ ಅಂದರೆ ಅಷ್ಟಕ್ಕಷ್ಟೆ. ಹಿಂದೂಪುರದಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡುವ ಅಂಗಡಿ ನಮ್ಮದು. ಪರಿಗಿಯಿಂದ ಟ್ರ್ಯಾಕ್ಟರು ಬರಲಿ, ಲೇಪಾಕ್ಷಿಯಿಂದ ಆಟೋ ಬರಲಿ, ಅಪ್ಪ ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಬಲಗೈ ತೋರುಬೆರಳನ್ನು ರಿಲೇ ಮೇಲಿಟ್ಟು "ಒತ್ತು" ಅನ್ನುವುದು. ರಿಲೇ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ. ನಾವು ಸ್ವಿಚ್ ಒತ್ತಿದಾಗ ಅದರೊಳಗಿನ ತಗಡು ಟಿಕ್ ಅಂತ ಕೂತು ಮೋಟಾರಿಗೆ ಕರೆಂಟು ಬಿಡುತ್ತದೆ. ಆ ಟಿಕ್ ಅಪ್ಪನ ಬೆರಳಿಗೆ ಗೊತ್ತಾಗಬೇಕು. ಅಂಗಡಿ ಮುಂದೆ ಬಸ್ಸುಗಳ ಹಾರನ್ನು, ಪಕ್ಕದಲ್ಲಿ ವೆಲ್ಡಿಂಗು. ಇನ್ನು ಕಿವಿ ನಂಬಿ ಕೆಲಸ ಮಾಡಿದಂತೆಯೇ! ಹೀಗಾಗಿ ನಾನೂ ಮೊದಲು ಬೆರಳಿನಿಂದಲೇ ಈ ವಿದ್ಯೆ ಕಲಿತೆ. ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿದ್ದು ಆಮೇಲೆ ಬಂತು.

ಕಲ್ಯಾಣದುರ್ಗದಿಂದ ಫೋನ್ ಬಂದದ್ದು ದಸರಾ ಮುಗಿದು ಸ್ವಲ್ಪ ದಿನಕ್ಕೆ. ಫೋನ್ ಮಾಡಿದವನು ಹುಣಸೆಹಣ್ಣು, ಕಡಲೆಕಾಯಿ ವ್ಯಾಪಾರದ ಮನೆಯವನು. ಅವರಪ್ಪನ ಕಾಲದಿಂದ ಅವರ ಲಾರಿಗಳ ವೈರಿಂಗೆಲ್ಲ ನಮ್ಮಪ್ಪನ ಕೈಯದೇ. ಈಗ ಮಗ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಬಿಳಿ ಸ್ಪೋರ್ಟ್ಸ್ ಕಾರು ತಂದಿದ್ದ. ಅದರ ಹಿಂಭಾಗದಲ್ಲಿ ಒಂದು ರೆಕ್ಕೆ. ಸುಮ್ಮನಿದ್ದಾಗ ಕಾರಿನ ಮೈಗೆ ಅಂಟಿಕೊಂಡು ಮಲಗಿರುತ್ತದೆ, ಕಾರು ಜೋರಾಗಿ ಓಡಿದರೆ ತಾನಾಗಿ ಎದ್ದು ಗಾಳಿಯನ್ನು ತಡೆದು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಅಷ್ಟು ಜೋರಾಗಿ ಓಡಿಸಲು ಕಲ್ಯಾಣದುರ್ಗದ ಸುತ್ತ ರಸ್ತೆ ಎಲ್ಲಿದೆ ಅಂತ ನಾನು ಕೇಳಲಿಲ್ಲ. ಒಳಗೊಂದು ಸ್ವಿಚ್ಚೂ ಇದೆ. ಪುಣ್ಯಾತ್ಮ ಬಸ್‌ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿಕೊಂಡು ಅದನ್ನು ಒತ್ತಿ ಒತ್ತಿ ಜನಕ್ಕೆ ರೆಕ್ಕೆ ತೋರಿಸುತ್ತಿದ್ದನಂತೆ.

"ಅಣ್ಣಾ, ರೆಕ್ಕ ಪೈಕಿ ಪೋಯಿಂದಿ, ಕಿಂದಿಕಿ ರಾವಡಂ ಲೇದು," ಅಂತ ತೆಲುಗಿನಲ್ಲಿ ಅಂದ. ಮೇಲೆ ಹೋದದ್ದು ಕೆಳಗೆ ಬರುತ್ತಿಲ್ಲ. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬೇರೆ ಹತ್ತಿಕೊಂಡಿದೆ, ಹಿಂದೂಪುರದ ತನಕ ಓಡಿಸಲು ಭಯ, ನೀವೇ ಬನ್ನಿ ಅಂತ ಕನ್ನಡಕ್ಕೆ ತಿರುಗಿದ. ಅಪ್ಪ ಫೋನಿಟ್ಟವನೇ ಷರಟಿಗೆ ಇಸ್ತ್ರಿ ಮಾಡಿಸಲು ಕೊಟ್ಟ. ಇಂಥ ಕಾರು ಮುಟ್ಟುವ ಯೋಗ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

ನನಗೆ ಮಾತ್ರ ಅವನ ಬೆರಳಿನದೇ ಚಿಂತೆ. ಅಪ್ಪನಿಗೆ ಶುಗರ್ ಬಂದು ಬಹಳ ಕಾಲವಾಗಿತ್ತು. ಒಂದು ಸಂಜೆ ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಇನ್ನೊಂದು ಎಲ್ಲಿ ಕಳಚಿತು ಅಂತ ಅವನಿಗೇ ಗೊತ್ತಿರಲಿಲ್ಲ. ಆಮೇಲೊಮ್ಮೆ ಒಲೆಯಿಂದಿಳಿದ ಟೀ ಲೋಟವನ್ನು ಬರಿಗೈಯಲ್ಲಿ ಹಿಡಿದು ಆರಾಮಾಗಿ ಮಾತಾಡುತ್ತಾ ಕೂತಿದ್ದ. ನಾನು ಆ ಲೋಟ ಕಿತ್ತುಕೊಳ್ಳಲು ಹೋಗಿ ಕೈ ಸುಟ್ಟುಕೊಂಡೆ. ಆಸ್ಪತ್ರೆಗೆ ಹೋಗೋಣ ಅಂದರೆ, "ಕೆಲ್ಸ ಮಾಡಿದ ಕೈ ಕಣಮ್ಮ, ಒರಟಾಗ್ದೆ ಇನ್ನೇನಾಯ್ತದೆ?" ಅಂತ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ಬೆರಳು ಹೋದರೆ ಅಪ್ಪನ ಕೆಲಸ ಹೋಯಿತು, ಕೆಲಸ ಹೋದರೆ ಅಪ್ಪ ಉಳಿಯುವುದಿಲ್ಲ ಅನ್ನುವುದು ನನಗಿದ್ದ ಭಯ. ಅದನ್ನು ಬಾಯಿಬಿಟ್ಟು ಹೇಳಲು ಹೋದಾಗಲೆಲ್ಲ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು.

ಬೆಳಗಿನ ಬಸ್ಸಿಗೆ ಹೊರಟು, ನಡುವೆ ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರಿದೆವು. ಕಾರು ಅವರ ಗೋದಾಮಿನ ಅಂಗಳದಲ್ಲಿ ನಿಂತಿತ್ತು. ಒಂದು ಕಡೆ ಬ್ರಹ್ಮಸಮುದ್ರದಿಂದ ಬಂದ ಕಡಲೆಕಾಯಿ ರಾಶಿ, ಅದರಾಚೆ ಕಾಯಿ ಸುಲಿಯುವ ಮಿಷನ್ನಿನ ಗದ್ದಲ. ಆ ಧೂಳಿನ ನಡುವೆ ಹಿಂಭಾಗ ಎತ್ತಿಕೊಂಡು ನಿಂತ ಬಿಳಿ ಕಾರು. ಹಮಾಲಿಗಳು ಅದಕ್ಕೆ ಆಗಲೇ ತೋಕ ಕಾರು, ಅಂದರೆ ಬಾಲದ ಕಾರು ಅಂತ ಹೆಸರಿಟ್ಟಾಗಿತ್ತು. ಮಾಲೀಕನ ಮುಖ ಆ ಹೆಸರಿನಿಂದಲೇ ಅರ್ಧ ಬಾಡಿತ್ತು.

ಫ್ಯೂಸು ಸರಿಯಿತ್ತು. ಈ ರೆಕ್ಕೆಯನ್ನು ಎತ್ತಲು ಒಂದು ರಿಲೇ, ಇಳಿಸಲು ಇನ್ನೊಂದು. ಎರಡೂ ಡ್ರೈವರಿನ ಕಾಲ ಬಳಿ ಒಳಗೆಲ್ಲೋ ಅಡಗಿದ್ದವು. ಅಪ್ಪ ಬೆನ್ನ ಮೇಲೆ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿ, ಇಳಿಸುವ ರಿಲೇ ಮೇಲೆ ಬೆರಳಿಟ್ಟ.

"ಒತ್ತು."

ಒತ್ತಿದೆ.

"ಒತ್ತಮ್ಮಾ ಅಂದ್ರೆ."

"ಒತ್ತೇ ಇದೀನಿ ಕಣಪ್ಪಾ!"

ಅವನು ಬೆರಳು ಸರಿಸಿ ಮತ್ತೆ ಇಟ್ಟ. ಆಮೇಲೆ ಒಳಗಿನಿಂದಲೇ, "ಟಿಕ್ ಇಲ್ಲ. ರಿಲೇ ಸತ್ತೈತೆ," ಅಂದ. ನನ್ನ ಚೀಲದಲ್ಲಿ ಮೀಟರಿತ್ತು, ತೆಗೆಯಲು ಬಿಡಲಿಲ್ಲ. ಬೆಂಗಳೂರಿನಿಂದ ಹೊಸ ರಿಲೇ ತರಿಸುವುದು ಅಂತಾಯಿತು. ಹಳೆಯದನ್ನು ಜೇಬಿಗೆ ಹಾಕಿಕೊಂಡು ಮರಳಿದೆವು.

ಅಂಗಡಿಗೆ ಬಂದ ಮೇಲೆ ನಾನು ಆ ಸತ್ತ ರಿಲೇಯನ್ನು ಬ್ಯಾಟರಿಗೆ ಹಚ್ಚಿ ನೋಡಿದೆ. ನನ್ನ ಬೆರಳಡಿ ಅದು ಟಿಕ್ ಅಂತು. ಮತ್ತೆ ಹಚ್ಚಿದೆ, ಮತ್ತೆ ಟಿಕ್ ಅಂತು. ಅಪ್ಪನಿಗೆ ತೋರಿಸಿದರೆ, "ಕೆಲವು ಹಂಗೇನೇ. ಬಿಸಿಯಾದಾಗ ಕೈ ಕೊಡ್ತವೆ, ತಣ್ಣಗಾದ್ರೆ ಸರಿಹೋಯ್ತವೆ," ಅಂದ. ಅಂಥ ರಿಲೇಗಳೂ ಇರುತ್ತವೆ, ಸುಳ್ಳಲ್ಲ. ಆದರೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನು ಆ ದಿನ ಊಟಕ್ಕೆ ಕೂತಾಗಲೂ ಅದನ್ನೇ ಎತ್ತಿದೆ, ಅವನು ತಟ್ಟೆ ಬಿಟ್ಟು ಎದ್ದ.

ಹೊಸ ರಿಲೇ ಬಂತು, ನಾವು ಮತ್ತೆ ಹೋದೆವು. ಅಪ್ಪ ಮತ್ತೆ ಮಲಗಿದ, ರಿಲೇ ಕೂರಿಸಿದ, ನಾನು ಸ್ವಿಚ್ ಒತ್ತಿದೆ. ರೆಕ್ಕೆ ಜಪ್ಪಯ್ಯ ಅನ್ನಲಿಲ್ಲ. ಸುಲಿಯುವ ಮಿಷನ್ನಿನ ಸದ್ದಿಗೆ ಕಾರಿನೊಳಗೂ ಏನೂ ಕೇಳುತ್ತಿರಲಿಲ್ಲ.

"ಇದುಕ್ಕೂ ಟಿಕ್ ಇಲ್ಲ," ಅಂದ ಅಪ್ಪ ಹೊರಗೆ ಬಂದು. ಹಣೆಯ ತುಂಬಾ ಬೆವರು. "ಸ್ವಿಚ್ಚಿಂದ ಕರೆಂಟೇ ಬತ್ತಿಲ್ಲ. ಸೀಟು ಬಿಚ್ಚಿ, ಕಾರ್ಪೆಟ್ ಎಬ್ಬಿಸಿ, ವೈರಿನ ಕಟ್ಟು ಸೀಳಿ ನೋಡ್ಬೇಕು."

ಸೀಳುವುದು ಅಂದದ್ದೇ ತಡ ಮಾಲೀಕ ಬಿಳಿಚಿಕೊಂಡ. "ಕೋಸೇಸ್ತಾರಾ ಅಣ್ಣಾ? ಕತ್ತರಿಸಿಬಿಡ್ತೀರಾ?" ಅಂತ ಎರಡೂ ಭಾಷೆಯಲ್ಲಿ ಕೇಳಿದ. ಅಪ್ಪ ಆಗಲೇ ಬ್ಲೇಡು ಹುಡುಕುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಅಪ್ಪನನ್ನು ಪಕ್ಕಕ್ಕೆ ಸರಿಸಿ ಡ್ಯಾಶ್‌ಬೋರ್ಡಿನಡಿ ಕೈ ತೂರಿಸಿ ಬೆರಳಿಟ್ಟೆ, ಮಾಲೀಕನಿಗೆ ಒತ್ತಲು ಹೇಳಿದೆ. ಟಿಕ್. ಇನ್ನೊಮ್ಮೆ ಅಂದೆ. ಟಿಕ್. ಅಂಗೈಯಲ್ಲಿ ಹಿಡಿದ ಮಿಡತೆ ಒದ್ದಷ್ಟು ಸ್ಪಷ್ಟವಾಗಿತ್ತು.

ಹೊರಗೆ ಬಂದು ಅಂದೆ. "ರಿಲೇ ಬದುಕೈತೆ ಕಣಪ್ಪಾ. ಸತ್ತೋಗಿರೋದು ನಿನ್ನ ಬೆರಳು."

ಮಾಲೀಕ, ಅವನ ತಾಯಿ, ಮಿಷನ್ನಿನ ಹತ್ತಿರವಿದ್ದ ಹಮಾಲಿಗಳು, ಎಲ್ಲರ ಎದುರಿಗೇ ಅಂದೆ. ಹೀಗೆ ಅನ್ನಬಾರದಿತ್ತು ಅಂತ ಆಮೇಲೆ ನನಗೆ ಬುದ್ಧಿ ಹೇಳಿದವರಿದ್ದಾರೆ. ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ ಮಾತುಗಳೆಲ್ಲ ಏನಾಗಿದ್ದವು ಅಂತ ಅವರಿಗೇನು ಗೊತ್ತು? ಇವತ್ತು ಅದೇ ಜಾಗದಲ್ಲಿ ನಿಂತರೂ ಅದೇ ಮಾತಾಡುತ್ತೇನೆ. ಅಪ್ಪ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದ. ಆಮೇಲೆ ಜಗಲಿ ಕಲ್ಲಿನ ಮೇಲೆ, ನಮಗೆ ಬೆನ್ನು ಹಾಕಿ ಕೂತ.

ನಾನು ಮೀಟರ್ ತೆಗೆದುಕೊಂಡು ಕಾರಿನ ಹಿಂದಕ್ಕೆ ಹೋದೆ. ರಿಲೇ ಬಿಟ್ಟ ಕರೆಂಟು ರೆಕ್ಕೆಯ ಬುಡದವರೆಗೂ ಬಂದು ಅಲ್ಲಿ ನಿಂತುಹೋಗಿತ್ತು. ಅಲ್ಲೊಂದು ಪುಟ್ಟ ಸ್ವಿಚ್ ಇರುತ್ತದೆ. ರೆಕ್ಕೆ ಇಳಿದು ಅದನ್ನು ಅದುಮಿದಾಗ, ಸಾಕು ನಿಲ್ಲು ಅಂತ ಮೋಟಾರಿಗೆ ಕರೆಂಟು ಕಡಿಯುವುದು ಅದರ ಕೆಲಸ. ಈ ಸ್ವಿಚ್ ರೆಕ್ಕೆ ಮೇಲಿದ್ದಾಗಲೂ ಅದುಮಿದ ಹಾಗೇ ಸಿಕ್ಕಿಕೊಂಡಿತ್ತು. ಅಂದರೆ ರೆಕ್ಕೆ ಇಳಿದಾಗಿದೆ ಅಂತಲೇ ಅದರ ಲೆಕ್ಕ. ಟಾರ್ಚ್ ಬಿಟ್ಟು ನೋಡಿದರೆ ಸುತ್ತ ಸುಣ್ಣದಂಥ ಗಟ್ಟಿ ಬಿಳುಪು. ಕೆರೆದು ಮೂಸಿದೆ. ವಿಭೂತಿ!

ಮಾಲೀಕನ ತಾಯಿ ನಾಚಿಕೆ ಪಡುವವರಲ್ಲ. "ಆಯ್ದಪೂಜೆ ದಿನ ಎದ್ದು ನಿಂತಿತ್ತು ಕಣಮ್ಮ. ಮೂತಿಗೆ ಬಳದು ಹಿಂದಕ್ಕೆ ಬಿಟ್ರೆ ಶಿವ ಒಪ್ತಾನಾ? ಚೆನ್ನಾಗಿ ನೀರಾಗ್ ಕಲಸಿ ಅದುಕ್ಕೂ ಮೂರು ಪಟ್ಟೆ ಎಳೆದೆ," ಅಂದರು. ನಮ್ಮ ಕಡೆ ಪೂಜೆಯ ದಿನ ಲಾರಿ, ತಕ್ಕಡಿ, ಬೋರಿನ ಸ್ಟಾರ್ಟರು, ಎಲ್ಲದಕ್ಕೂ ಪಟ್ಟೆ ಎಳೆಯುತ್ತೇವೆ. ಲಾರಿಗೆ ಏನೂ ಆಗುವುದಿಲ್ಲ. ಈ ಕಾರಿನ ಸಂದಿಯೊಳಗೆ ಪಟ್ಟೆಯ ನೀರು ಇಳಿದು, ಸ್ವಿಚ್ಚಿನ ನಾಲಗೆ ಹಿಡಿದುಕೊಂಡು ಒಣಗಿತ್ತು. ಮಾಲೀಕ ತಲೆ ಚಚ್ಚಿಕೊಂಡ, ನನಗೂ ನಗು ಬಂತು. ಜಗಲಿ ಕಡೆ ನೋಡಿದೆ, ಅಪ್ಪ ನಗುತ್ತಿರಲಿಲ್ಲ.

ಬ್ರಷ್ಷು, ಸ್ಪ್ರೇ ಹಾಕಿ ತೊಳೆದೆ. ಪುಟ್ಟ ನಾಲಗೆ ಬಿಡಿಸಿಕೊಂಡು ಆಡತೊಡಗಿತು. ಆಗ ಅಪ್ಪ ಎದ್ದು ಬಂದ.

"ನೀನೋಗಿ ಒತ್ತು. ರೆಕ್ಕೆ ಓರೆಯಾಗಿ ಕೂತ್ಕೊಂತದಾ ಅಂತ ನಾನಿಲ್ಲಿ ನೋಡ್ತೀನಿ."

"ಕೈ ಆಚೆಗಿಡಪ್ಪಾ."

"ನಂಗೇ ಹೇಳ್ಕೊಡ್ತೀಯೇನೇ?" ಅಂದ. ದನಿ ಏರಿಸಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೋರಿಸಿದ.

ನಾನು ಕೂತು ಒತ್ತಿದೆ. ಹಿಂದೆ ಮೋಟಾರು ಗುಂಯ್ ಅಂದಿತು. ಕನ್ನಡಿಯಲ್ಲಿ ರೆಕ್ಕೆ ಇಳಿಯುವುದು ಕಾಣುತ್ತಿತ್ತು, ಅದರ ಹಿಂದೆ ಬಗ್ಗಿದ ಅಪ್ಪನ ತಲೆ ಕಾಣುತ್ತಿತ್ತು. ಮುಂದಿನ ಕೆಂಪು ದೀಪ ಮಾತ್ರ ಆರಲಿಲ್ಲ. ಮಾಲೀಕ ಚಪ್ಪಾಳೆ ತಟ್ಟಿದ. ಮೋಟಾರು ನಿಂತಿತು.

"ಪೂರ್ತಿ ಕೂತಿಲ್ಲ ಕಣಮ್ಮ," ಅಂದ ಅಪ್ಪ, ಪಕ್ಕಾ ಕೆಲಸದ ದನಿಯಲ್ಲಿ. "ಒಂದೀಟು ಉಳ್ಕೊಂಡೈತೆ. ಇನ್ನೊಂದ್ಸಾರಿ ಒತ್ತು."

ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಅಷ್ಟರಲ್ಲಿ ಮಾಲೀಕನ ತಾಯಿ "ಅಯ್ಯೋ ಶಿವನೇ" ಅಂತ ಕಿರುಚಿದರು. ನಾನು ಇಳಿದು ಓಡಿದೆ. ಅಪ್ಪ ಬಗ್ಗಿ ಉಳಿದ ಸಂದಿಯನ್ನೇ ಪರೀಕ್ಷೆ ಮಾಡುತ್ತಿದ್ದ. ಆ ಸಂದಿಯಲ್ಲಿ ಅವನದೇ ತೋರುಬೆರಳು ಸಿಕ್ಕಿಕೊಂಡಿತ್ತು. ಓರೆಯಿದೆಯೋ ಇಲ್ಲವೋ ಅಂತ ಕೊನೆಯ ಗಳಿಗೆಯಲ್ಲಿ ಸವರಿ ನೋಡಲು ಹೋಗಿದ್ದಾನೆ. ಬಿಳಿ ಬಣ್ಣದ ಮೇಲೆ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಅವನು ಅದನ್ನೂ ನೋಡಿದ, ಎಲ್ಲಿಂದ ಬಂತು ಅಂತ ಯೋಚಿಸುವವನ ಹಾಗೆ.

ನಾನು ವಾಪಸ್ ಓಡಿಹೋಗಿ ಸ್ವಿಚ್ಚನ್ನು ರೆಕ್ಕೆ ಎತ್ತುವ ಕಡೆಗೆ ಒತ್ತಿದೆ. ಬೆರಳ ತುದಿ ಜಜ್ಜಿ ಚಪ್ಪಟೆಯಾಗಿತ್ತು. ನಾನು ಅಳುತ್ತಾ ಬಟ್ಟೆ ಸುತ್ತುತ್ತಿದ್ದರೆ ಅವನು ಇನ್ನೊಂದು ಕೈಯಿಂದ ನನ್ನ ತಲೆ ಸವರಿದ.

"ಹೆದರ್ಕೋಬ್ಯಾಡ ಕಣಮ್ಮ. ನಿಜ್ವಾಗ್ಲೂ ಒಂಚೂರೂ ನೋವಿಲ್ಲ," ಅಂದ.

ಅವನು ನನಗೆ ಸಮಾಧಾನ ಹೇಳುತ್ತಿದ್ದ. ನನಗೆ ಜೀವ ಹೋದಂತಾಗಿದ್ದು ಆ ಮಾತಿಗೇ. ನೋವಿನಿಂದ ಒಮ್ಮೆ ಚೀರಿದ್ದರೆ ನಾನು ಇಷ್ಟು ಅಳುತ್ತಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಕಟ್ಟು ಹಾಕಿಸಿಕೊಂಡು ಊರಿಗೆ ಬಂದೆವು. ಬೆರಳು ಉಳಿಯಿತು. ಗಾಯ ಸ್ವಲ್ಪ ಮಾಗಿದ ಮೇಲೆ ಹಿಂದೂಪುರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಈ ಸಲ ಅವನು ಜಗಳವಾಡಲಿಲ್ಲ. ಒಳಗೆ ಕರೆಯುವ ಮುಂಚೆ ಬೆಂಚಿನ ಮೇಲೆ ಕೂತು, "ಮಾತ್ರೆ ಏನ್ ಕೊಟ್ರೂ ನುಂಗ್ತೀನಿ. ಕೆಲ್ಸ ಬಿಡು ಅಂತ ಮಾತ್ರ ಅವ್ರ ಬಾಯಲ್ಲಿ ಅನ್ನಿಸ್ಬ್ಯಾಡ ಕಣಮ್ಮ," ಅಂದ. ನಾನು ಎದುರು ಗೋಡೆಯ ಕ್ಯಾಲೆಂಡರನ್ನು ಸುಮ್ಮನೆ ನೋಡುತ್ತಾ ಕೂತೆ.

ಡಾಕ್ಟರು ಎಳೆಯ ವಯಸ್ಸಿನವರು, ಒಳ್ಳೆಯವರು. ಕಣ್ಣು ಮುಚ್ಚಿಕೊಳ್ಳಿ, ನಾನು ಬೆರಳುಗಳಿಗೆ ಸೂಜಿ ಮುಟ್ಟಿಸುತ್ತಾ ಹೋಗುತ್ತೇನೆ, ಗೊತ್ತಾದಾಗ ಹೇಳಿ, ಕೆಲಸದ ವಿಷಯ ಆಮೇಲೆ ಮಾತಾಡೋಣ ಅಂದರು. ಅಪ್ಪ ನೆಟ್ಟಗೆ ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಕಣ್ಣು ಮುಚ್ಚಿದ. ರೆಪ್ಪೆ ಅದುರುತ್ತಿತ್ತು.

"ಹ್ಞೂ, ಗೊತ್ತಾಯ್ತು," ಅಂದ. ತುಸು ತಡೆದು, "ಇದೂ ಗೊತ್ತಾಯ್ತು ಸಾರ್," ಅಂದ.

ಡಾಕ್ಟರು ಇನ್ನೂ ಸೂಜಿಯ ಪೊಟ್ಟಣ ಬಿಚ್ಚುತ್ತಿದ್ದರು.