ಅಪ್ಪ ತಾವೇ ಕೊಟ್ಟು ಬಂದ ಕೀಲಿ

ದಿಲ್‌ಸುಖ್‌ನಗರದ ನಮ್ಮ ಓಣಿಯಲ್ಲಿ ನಾನು ಅನುಕರಿಸದ ಗಂಟಲಿಲ್ಲ. ತರಕಾರಿ ಗಾಡಿಯವನು, ಅವ್ವ, ಮೆಟ್ರೋದಲ್ಲಿ ನಿಲ್ದಾಣ ಹೇಳುವ ಹೆಂಗಸು, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಗಿದ್ದಾರೆ. ಬಾಡಿಗೆ ಮಾತ್ರ ಯಾರೂ ಕೊಡುವುದಿಲ್ಲ, ಬೈಗುಳ ಕೊಡುತ್ತಾರೆ.

ಅಪ್ಪ ಶಾಲಾ ಬಸ್ಸಿನ ಡ್ರೈವರ್. ಒಂದು ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಗೇಟಿನ ಹತ್ತಿರ ನಿಂತು, ಅವರ ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಸಾಹೇಬರ ಹಿಂದಿ ದನಿಯಲ್ಲಿ ಕ್ಷೇಮ ಕೇಳಿದೆ: "ಕ್ಯಾ ಮಿಯಾ, ಆರಾಮ್ ಚಲ್ ರಾ?"

ಅಪ್ಪ ದಿಗ್ಗನೆ ಎದ್ದರು. ನನ್ನ ಮುಖವನ್ನೇ ನೋಡುತ್ತ ಕೈಮುಗಿದು ಕೂರಲು ಕರೆದರು: "ಆಯಿಯೇ ಸಾಬ್, ಬೈಠಿಯೇ."

ಬಿಸಿಲು ಚುರುಗುಡುತ್ತಿತ್ತು. ನನ್ನ ಮೈಮೇಲಿದ್ದದ್ದು ಅಪ್ಪನದೇ ಹಳೆಯ ಬನಿಯನ್. ನಾನು ಬಿದ್ದು ಬಿದ್ದು ನಕ್ಕೆ. ಅವ್ವ ನಗಲಿಲ್ಲ.

"ಏನ್ರೀ, ಮಗಾ ನಿಮಗ ಕಾಣಸಲಿಲ್ಲೇನು?"

ನನ್ನ ನಗು ಅರ್ಧಕ್ಕೇ ನಿಂತಿತು.

ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಅದೇ ತಿಂಗಳು ಅಪ್ಪನ ಲೈಸೆನ್ಸ್ ನವೀಕರಣ. ಕಣ್ಣಿನ ಪರೀಕ್ಷೆಯಲ್ಲಿ ಸೋತರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸಿನ ಹಿಂದೆ ಕೆಲಸ.

ಮಣಿಕೊಂಡದಲ್ಲಿ ಟ್ಯಾಕ್ಸಿ ಓಡಿಸುವ ಕಾಕಾ ಓಡಿ ಬಂದ. ಫೋನಿನಲ್ಲಿ ಮಾತಾಡುತ್ತ ಸಿಕ್ಕಿಬಿದ್ದು ತನ್ನ ಲೈಸೆನ್ಸನ್ನು ಮೂರು ತಿಂಗಳು ಕಳೆದುಕೊಂಡಿದ್ದ ಅನುಭವಸ್ಥ.

"ಅಣ್ಣಾ, ಸರ್ಟಿಫಿಕೇಟ್ ನಾ ಕೊಡಸ್ತೀನಿ. ಪರಿಚಯದ ಡಾಕ್ಟರ್ ಒಬ್ಬಾಂವ ಅದಾನ. ದಾರಿ ಅಂತೂ ನಿನಗ ಬಾಯಿಪಾಠ ಐತಿ."

ನಾನೂ ಬಾಯಿ ಹಾಕಿದೆ: "ಕಣ್ಣು ಪರೀಕ್ಷೆ ಮಾಡೋ ಗ್ವಾಡಿ ಮ್ಯಾಲಿನ ಅಕ್ಷರ ನಾ ಬಾಯಿಪಾಠ ಮಾಡಸ್ತೀನಿ, ಅಪ್ಪಾ!"

ಅಪ್ಪ ನಮ್ಮಿಬ್ಬರ ದನಿಯತ್ತ ತಿರುಗಿದರು. "ದಾರಿ ಬಾಯಿಪಾಠ ಖರೇ. ಬಸ್ಸಿಗೆ ಅಡ್ಡ ಓಡಿ ಬರೋ ಕೂಸು ಬಾಯಿಪಾಠ ಆಕ್ಕೈತೇನ್ರಲೇ?"

ಕಾಕಾ ಚಹಾ ಕುಡಿಯದೇ ಹೋದ.

ಮರುದಿನ ಅಪ್ಪ ಇಸ್ತ್ರಿ ಮಾಡಿದ ಖಾಕಿ ತೊಟ್ಟು, ನನ್ನ ಭುಜ ಹಿಡಿದು ಶಾಲೆಗೆ ಬಂದರು. ಬಸ್ಸಿನ ಕೀಲಿಯನ್ನು ಸಾಹೇಬರ ಮೇಜಿನ ಮೇಲಿಟ್ಟು, ಇನ್ನು ಮಕ್ಕಳನ್ನು ಕೂರಿಸಿಕೊಂಡು ಬಸ್ಸು ಓಡಿಸುವ ಕಣ್ಣು ತಮ್ಮದಲ್ಲ ಎಂದು ಹಿಂದಿಯಲ್ಲಿ ಹೇಳಿದರು.

ಸಾಹೇಬರು ಸದ್ದಾಗದಂತೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು.

ಹೊರಗೆ ಬಂದ ಮೇಲೆ ಹೇಳಿದೆ: "ಅಪ್ಪಾ, ಸಾಹೇಬ್ರು ನಿಮಗ ಎದ್ದು ನಿಂತಿದ್ರು."

"ಸಾಕಲೇ ನಿನ್ನ ಆಟ," ಎಂದರು ಅಪ್ಪ.

ಓಣಿಯವರೆಗೂ ಆಣೆ ಮಾಡುತ್ತ ಬಂದೆ, ನನ್ನದೇ ದನಿಯಲ್ಲಿ.